ವೀಡಿಯೋ ಆಟಗಳ ಪ್ರಭೇದಗಳೂ ಕ್ರೀಡಾರಸವೂ

ಓದು ಬರಹ ಬಲ್ಲ ಮನೆಗಳಲ್ಲಿ 'ಪುಸ್ತಕ'ವೆಂಬ ಮಾತನ್ನು ಯಾರೂ ಒಂದೇ ಅರ್ಥದಲ್ಲಿ ಬಳಸುವುದಿಲ್ಲ. ಪಂಪನ ಕಾವ್ಯವೂ ಪುಸ್ತಕ, ಪತ್ತೇದಾರಿ ಕಥೆಯೂ ಪುಸ್ತಕ, ಪಂಚಾಂಗವೂ ಪುಸ್ತಕ. ಆದುದರಿಂದಲೇ ಮಗನ ಕೈಯಲ್ಲಿ ಪುಸ್ತಕವನ್ನು ಕಂಡ ತಂದೆಯು 'ಯಾವ ಪುಸ್ತಕ?' ಎಂದು ಕೇಳುತ್ತಾನೆ. ಅದೇ ಮಗನು ಫೋನು ಹಿಡಿದು ಆಡುತ್ತಿರುವುದನ್ನು ಕಂಡಾಗ ಈ ಪ್ರಶ್ನೆಯೇ ಹುಟ್ಟುವುದಿಲ್ಲ. 'ಆಟ' ಎಂಬ ಒಂದೇ ಮಾತಿನೊಳಗೆ ಎಲ್ಲವೂ ಅಡಗಿಹೋಗುತ್ತದೆ. ತಾಳ್ಮೆಯಿರುವವರೆಗೆ ಸಹಿಸುವುದು, ತಾಳ್ಮೆ ತೀರಿದ ಮೇಲೆ ಕಿತ್ತುಕೊಳ್ಳುವುದು, ಇವೆರಡೇ ಉಪಾಯಗಳು ಹಿರಿಯರಿಗೆ ಉಳಿಯುತ್ತವೆ. ಅರಸೀಕೆರೆಯ ಜಂಕ್ಷನ್ನಿನಲ್ಲಿ ಹಾಸನದ ಗಾಡಿಗೆ ಕಾದು ಕುಳಿತ ನಾಲ್ವರು ವಿದ್ಯಾರ್ಥಿಗಳು ತಲೆ ಬಗ್ಗಿಸಿ ಆಡುತ್ತಿದ್ದರೆ, ದೂರದಿಂದ ನೋಡುವವರಿಗೆ ನಾಲ್ವರದೂ ಒಂದೇ ವ್ಯಸನವಾಗಿ ತೋರುತ್ತದೆ. ಹತ್ತಿರ ಹೋಗಿ ನೋಡಿದರೆ ಒಬ್ಬನು ಮೇಲಿನಿಂದ ಬೀಳುವ ತುಂಡುಗಳನ್ನು ಸಾಲುಗೂಡಿಸುತ್ತಿರಬಹುದು. ಇನ್ನೊಬ್ಬನು ಗೆಳೆಯರೊಡನೆ ಒಂದು ದ್ವೀಪದಲ್ಲಿ ಅವಿತು ಶತ್ರುವಿನ ಹೆಜ್ಜೆಯ ಸಪ್ಪಳವನ್ನು ಆಲಿಸುತ್ತಿರಬಹುದು. ಮೂರನೆಯವಳು ಕಲ್ಲಿನ ಮೇಲೆ ಕಲ್ಲಿಟ್ಟು ಮನೆ ಕಟ್ಟುತ್ತಿರಬಹುದು. ನಾಲ್ಕನೆಯವನು ದಾಳವನ್ನು ಉರುಳಿಸುತ್ತಿರಬಹುದು. ಈ ನಾಲ್ವರ ಮನಸ್ಸುಗಳು ನಡೆಯುವ ದಾರಿಗಳು ಬೇರೆ ಬೇರೆ. ಅವನ್ನು ಬೇರ್ಪಡಿಸಿ ನೋಡದೆ ಹೇಳಿದ ಹೊಗಳಿಕೆಯಾಗಲಿ ತೆಗಳಿಕೆಯಾಗಲಿ ವಿಮರ್ಶೆಯೆನಿಸಲಾರದು.

ಆಟಗಳನ್ನು ವಿಂಗಡಿಸಿ ಲಕ್ಷಣ ಹೇಳುವುದು ಕನ್ನಡನಾಡಿಗೆ ಹೊಸ ಕೆಲಸವಲ್ಲ. ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಿಸಿದ್ದು ೧೧೧೭ರಲ್ಲಿ. ಅದಾದ ಹತ್ತು ಹನ್ನೆರಡು ವರ್ಷಗಳ ಸುಮಾರಿಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರ ಐದು ವಿಂಶತಿಗಳಲ್ಲಿ ನಾಲ್ಕನೆಯದು ವಿನೋದಗಳಿಗೂ ಐದನೆಯದು ಕ್ರೀಡೆಗಳಿಗೂ ಮೀಸಲಾಗಿವೆ. ರಾಜ್ಯವನ್ನು ಪಡೆಯುವ ಬಗೆಯನ್ನೂ ಪಡೆದುದನ್ನು ಉಳಿಸಿಕೊಳ್ಳುವ ಬಗೆಯನ್ನೂ ಹೇಳಿದ ಲೇಖನಿಯೇ ಕ್ರೀಡೆಗಳ ವಿಚಾರವನ್ನೂ ಅಷ್ಟೇ ಗಾಂಭೀರ್ಯದಿಂದ ಹೇಳಿತು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಮಣೆಯಾಟಗಳಿಗೆ ಆಶ್ರಯವಿತ್ತು, ತಾವೇ ಹೊಸ ಆಟಗಳನ್ನು ಕಲ್ಪಿಸಿ, ಚದುರಂಗದ ಕುದುರೆಯು ೬೪ ಮನೆಗಳನ್ನೂ ಒಂದೊಂದು ಸಲ ಮಾತ್ರವೇ ಮುಟ್ಟಿಬರುವ ಬಂಧಗಳನ್ನು ರಚಿಸಿದರು. ಇದಕ್ಕೂ ಹಿಂದೆ ಹೋದರೆ, ಭರತನ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ದೇವತೆಗಳು ಬ್ರಹ್ಮನನ್ನು ಬೇಡುವುದು ಕಣ್ಣಿಗೂ ಕಿವಿಗೂ ಒದಗುವಂಥ ಒಂದು ಕ್ರೀಡನೀಯಕವನ್ನು, ಎಂದರೆ ಆಟದ ವಸ್ತುವನ್ನು. ಬ್ರಹ್ಮನು ಕೊಟ್ಟದ್ದು ನಾಟ್ಯವೇದ. ನಾಟಕವೇ ಒಂದು ಆಟಿಕೆಯಾಗಿ ಹುಟ್ಟಿತೆಂದು ನಂಬಿದ ಸಂಪ್ರದಾಯದವರು, ಕಣ್ಣಿಗೂ ಕಿವಿಗೂ ಕೂಡಿಯೇ ಒದಗುವ ಈ ಹೊಸ ಆಟಿಕೆಯನ್ನು ವಿಚಾರಕ್ಕೆ ತಕ್ಕುದಲ್ಲವೆಂದು ತಳ್ಳಿಹಾಕುವುದು ಉಚಿತವಲ್ಲ.

ಹಾಗಾದರೆ ನಾಟಕಕ್ಕೂ ಆಟಕ್ಕೂ ಇರುವ ಭೇದವೇನು? ನಾಟಕವನ್ನು ನೋಡುವವನು ಹರಿಶ್ಚಂದ್ರನ ಕಷ್ಟಕ್ಕೆ ಕಣ್ಣೀರಿಡುತ್ತಾನೆ. ಆದರೆ ರಂಗಕ್ಕೆ ಹತ್ತಿ ಹರಿಶ್ಚಂದ್ರನನ್ನು ತಡೆಯುವ ಅಧಿಕಾರ ಅವನಿಗಿಲ್ಲ. ಆ ಅಧಿಕಾರವಿಲ್ಲದಿರುವುದರಿಂದಲೇ ಅವನ ಮನಸ್ಸು ಸ್ವಾರ್ಥದಿಂದ ಬಿಡುಗಡೆ ಹೊಂದಿ ರಸವನ್ನು ಆಸ್ವಾದಿಸುತ್ತದೆ ಎಂದು ಆಲಂಕಾರಿಕರು ವಿವರಿಸಿದರು. ಆಟದಲ್ಲಿ ಈ ವ್ಯವಸ್ಥೆ ತಲೆಕೆಳಗಾಗುತ್ತದೆ. ಆಡುವವನೇ ನಟ, ಆಡುವವನೇ ಪ್ರೇಕ್ಷಕ. ಮುಂದೇನಾಗಬೇಕೆಂಬುದನ್ನು ತಕ್ಕಮಟ್ಟಿಗೆ ಗೊತ್ತುಮಾಡುವವನಾದುದರಿಂದ ಅಲ್ಪಾಂಶದಲ್ಲಿ ಕವಿಯೂ ಅವನೇ. ಆದುದರಿಂದ ಇಲ್ಲಿ ದೊರೆಯುವ ಸುಖವನ್ನು ಕಾವ್ಯಸುಖದ ಅಳತೆಗೋಲಿನಿಂದಲೇ ಅಳೆಯಲಾಗದು. ಅದಕ್ಕೆ ಕ್ರೀಡಾರಸವೆಂದು ಬೇರೆ ಹೆಸರಿಡುವುದು ಒಳ್ಳೆಯದು. ಅದರ ಸ್ಥಾಯಿಭಾವವು ಉತ್ಸಾಹ. ಅದಕ್ಕೆ ಬೇಕಾದ ಸಾಮಗ್ರಿ ಮೂರು: ಎಲ್ಲರೂ ಒಪ್ಪಿದ ನಿಯಮ, ಆ ನಿಯಮದೊಳಗೆ ಆಡುವವನಿಗೆ ದೊರೆತ ಕರ್ತೃತ್ವ, ಸೋತವನಿಗೆ ತಿರುಗಿ ಆಡಲು ಸಿಕ್ಕುವ ಅವಕಾಶ. ಮೊದಲೆರಡನ್ನು ಎಲ್ಲರೂ ಬಲ್ಲರು. ಮೂರನೆಯದರ ಮಹತ್ವವು ಮಾತ್ರ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅದನ್ನು ತಿಳಿಯಲು ಹಳೇಬೀಡಿಗೆ ಹೋಗಬೇಕು.

ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಭಾರತದ ಕಥೆಯನ್ನು ಕಡೆದ ಶಿಲ್ಪಿಯು ಚಕ್ರವ್ಯೂಹವನ್ನು ಸುತ್ತಿನೊಳಗೆ ಸುತ್ತಾಗಿ ಬಿಡಿಸಿದ್ದಾನೆ. ಅಭಿಮನ್ಯುವಿಗೆ ಒಳಹೋಗುವ ವಿದ್ಯೆ ಗೊತ್ತಿತ್ತು, ಹೊರಬರುವ ವಿದ್ಯೆ ಗೊತ್ತಿರಲಿಲ್ಲವೆಂಬುದನ್ನು ಕನ್ನಡದ ಮಕ್ಕಳಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಆ ಶಿಲ್ಪದ ಮುಂದೆ ನಿಂತವನ ಎದೆ ಕರಗುವುದೇಕೆ? ಆ ಬಾಲಕನಿಗೆ ಒಂದೇ ಅವಕಾಶವಿತ್ತು ಎಂಬುದರಿಂದ. ತಪ್ಪಿದ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲವೆಂಬುದೇ ಕರುಣರಸದ ಬೇರು. ಇನ್ನು ೧೯೮೦ರಲ್ಲಿ ಜಪಾನಿನಲ್ಲಿ ಹುಟ್ಟಿದ 'ಪ್ಯಾಕ್‌ಮನ್' ಎಂಬ ಆಟವನ್ನು ನೋಡಬಹುದು. ಅದೂ ಒಂದು ವ್ಯೂಹವೇ. ಅಲ್ಲಿಯೂ ಅಟ್ಟಿಬರುವ ಶತ್ರುಗಳುಂಟು. ಸಿಕ್ಕಿಬಿದ್ದರೆ ಸಾವೂ ಉಂಟು. ಆದರೆ ಸತ್ತವನು ಮತ್ತೆ ಬಾಗಿಲಲ್ಲಿ ನಿಲ್ಲುತ್ತಾನೆ, ಈ ಸಲ ಯಾವ ತಿರುವಿನಲ್ಲಿ ಶತ್ರುವು ಕಾಯುತ್ತಾನೆಂಬ ತಿಳಿವಳಿಕೆಯೊಡನೆ. ಅಭಿಮನ್ಯುವಿಗೆ ದೊರೆಯದಿದ್ದ ಆ 'ಮತ್ತೊಮ್ಮೆ'ಯೇ ವೀಡಿಯೋ ಆಟದ ಪ್ರಾಣ. ಸಾವು ಅಲ್ಲಿ ಅಂತ್ಯವಲ್ಲ, ಪಾಠ. ಬೇರೆ ಬೇರೆ ಪ್ರಭೇದಗಳೆಂದರೆ ಈ 'ಮತ್ತೊಮ್ಮೆ'ಯು ತಳೆದ ಬೇರೆ ಬೇರೆ ರೂಪಗಳೆಂದೇ ಹೇಳಬಹುದು.

ಎಲ್ಲಕ್ಕಿಂತ ಸರಳವಾದುದು ಒಗಟಿನ ಆಟ. ಇದರ ಶ್ರೇಷ್ಠ ನಿದರ್ಶನವು ೧೯೮೪ರಲ್ಲಿ ಮಾಸ್ಕೋ ನಗರದ ಅಲೆಕ್ಸಿ ಪಾಜಿತ್ನೋವ್ ಎಂಬಾತನು ಕಟ್ಟಿದ 'ಟೆಟ್ರಿಸ್'. ನಾಲ್ಕು ನಾಲ್ಕು ಚೌಕಗಳಿಂದಾದ ಏಳು ಆಕಾರಗಳು. ಒಂದೊಂದಾಗಿ ಮೇಲಿನಿಂದ ಇಳಿಯುತ್ತವೆ. ಸಂದಿಲ್ಲದಂತೆ ಹೊಂದಿಸಿದರೆ ತುಂಬಿದ ಸಾಲು ಮಾಯವಾಗುತ್ತದೆ. ಇದರಲ್ಲಿ ಕಥೆಯಿಲ್ಲ, ಶತ್ರುವಿಲ್ಲ, ಮಾತಿಲ್ಲ. ಆದರೂ ಲೋಕವೆಲ್ಲ ಇದನ್ನು ಮೆಚ್ಚಿತು. ಕಾರಣ, ಅಸ್ತವ್ಯಸ್ತವಾದುದು ಕೈಯಾರೆ ಒಪ್ಪವಾಗುವುದನ್ನು ಕಾಣುವುದರಲ್ಲಿ ಮನುಷ್ಯನಿಗೆ ಸಹಜವಾದ ನೆಮ್ಮದಿಯಿದೆ. ಚುಕ್ಕಿಗಳನ್ನಿಟ್ಟು ರಂಗೋಲಿಯ ಎಳೆಯನ್ನು ಎಲ್ಲಿಯೂ ತುಂಡಾಗದಂತೆ ಸುತ್ತಿ ತಂದು ಸೇರಿಸಿದ ಗೃಹಿಣಿಗೆ ಈ ಸುಖದ ಪರಿಚಯವುಂಟು. ಸಂಸ್ಕೃತದ ಚಿತ್ರಕವಿಗಳೂ ಇದನ್ನು ಬಲ್ಲರು. ಕುದುರೆಯ ನಡೆಯಲ್ಲಿ ಓದಿದರೂ ಶ್ಲೋಕವಾಗುವಂತೆ ಅಕ್ಷರಗಳನ್ನು ಹೊಂದಿಸಿದ ರುದ್ರಟನ ತುರಗಬಂಧವು ಒಂಬತ್ತನೆಯ ಶತಮಾನದ್ದು. ಆಲಂಕಾರಿಕರು ಚಿತ್ರಕಾವ್ಯವನ್ನು ಅಧಮವೆಂದರು. ಕಾವ್ಯವೆಂದು ನೋಡಿದಾಗ ಆ ಮಾತು ಸರಿ. ಕ್ರೀಡೆಯೆಂದು ನೋಡಿದಾಗ ಅದೇ ಬಂಧವು ಉತ್ತಮವಾಗಬಹುದು. ಟೆಟ್ರಿಸ್ಸಿನಲ್ಲಿ ಗಮನಿಸತಕ್ಕ ಇನ್ನೊಂದು ಅಂಶವೆಂದರೆ, ಸಾಮಾನ್ಯನಿಗೆ ಅದು ಸೋಲಿನಲ್ಲಿಯೇ ಮುಗಿಯುತ್ತದೆ. ತುಂಡುಗಳ ವೇಗವು ಹೆಚ್ಚುತ್ತ ಹೋಗಿ ಕೊನೆಗೆ ಕೈ ಸೋಲುತ್ತದೆ. ಆದರೂ ಯಾರೂ ದುಃಖಿಸುವುದಿಲ್ಲ. ನಿನ್ನೆಗಿಂತ ಇಂದು ಹೆಚ್ಚು ಹೊತ್ತು ನಿಂತೆನೆಂಬುದೇ ಗೆಲವು.

ಎರಡನೆಯದು ಕಾಳಗದ ಆಟ. ಹಿರಿಯರ ಆಕ್ಷೇಪಣೆಗೆ ಹೆಚ್ಚಾಗಿ ಗುರಿಯಾದುದೂ ಕಿರಿಯರ ಪ್ರೀತಿಯನ್ನು ಹೆಚ್ಚಾಗಿ ಪಡೆದುದೂ ಇದೇ. ೨೦೧೭ರಲ್ಲಿ ದಕ್ಷಿಣ ಕೊರಿಯಾದಿಂದ ಹೊರಟು ೨೦೧೮ರಲ್ಲಿ ಫೋನುಗಳಿಗೆ ಬಂದ 'ಪಬ್‌ಜಿ' ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ನೂರು ಮಂದಿ ಬರಿಗೈಯಲ್ಲಿ ಒಂದು ದ್ವೀಪಕ್ಕೆ ಇಳಿಯುತ್ತಾರೆ. ಸಿಕ್ಕಿದ ಆಯುಧವನ್ನು ಹಿಡಿಯುತ್ತಾರೆ. ಸುರಕ್ಷಿತವಾದ ವರ್ತುಲವು ಕಿರಿದಾಗುತ್ತ ಬರುತ್ತದೆ. ಕೊನೆಗೆ ಉಳಿದವನೋ ಉಳಿದ ತಂಡವೋ ಗೆಲ್ಲುತ್ತದೆ. ೨೦೨೦ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರವು ಅದರ ಫೋನಿನ ರೂಪವನ್ನು ನಿಷೇಧಿಸಿತು. ೨೦೨೧ರ ಜುಲೈಯಲ್ಲಿ ಅದು ಬೇರೆ ಹೆಸರಿನಿಂದ ಮರಳಿತು. ಇದರ ಆಕರ್ಷಣೆಯು ಕೊಲ್ಲುವುದರಲ್ಲಿದೆಯೆಂದು ಹೊರಗಿನವರು ತಿಳಿಯುತ್ತಾರೆ. ಆಡುವವನ ಹೊತ್ತಿನಲ್ಲಿ ಬಹುಭಾಗವು ಹೋಗುವುದು ಅವಿತುಕೊಳ್ಳುವುದರಲ್ಲಿ, ದಾರಿ ನೋಡುವುದರಲ್ಲಿ, ಸಪ್ಪಳವನ್ನು ಆಲಿಸುವುದರಲ್ಲಿ, ಗೆಳೆಯನಿಗೆ ಎಚ್ಚರಿಕೆ ಹೇಳುವುದರಲ್ಲಿ. ಭಯಾನಕವು ನಿಮಿಷ ನಿಮಿಷಕ್ಕೂ ವೀರವಾಗಿ ಮಾರ್ಪಡುವುದೇ ಅದರ ಸ್ವಾರಸ್ಯ. ಜೊತೆಗೆ ನಾಲ್ವರ ತಂಡದಲ್ಲಿ ಆಡುವಾಗ ಬೇಲೂರಿನ ಹುಡುಗನೊಬ್ಬನು ಬೆಂಗಳೂರಿಗೆ ಓದಲು ಹೋದ ಗೆಳೆಯನೊಡನೆ ರಾತ್ರಿ ಒಂದು ಗಂಟೆ ಮಾತಾಡಿಕೊಂಡಿರುತ್ತಾನೆ. ಅವನಿಗೆ ಆಟವು ಹರಟೆಯ ಕಟ್ಟೆಯೂ ಹೌದು. ಚೆನ್ನಕೇಶವನ ಗುಡಿಯ ಬಾಗಿಲಲ್ಲಿ ಹುಲಿಯೊಡನೆ ಸೆಣಸುವ ಸಳನ ಮೂರ್ತಿಯುಂಟಷ್ಟೆ. ಗುರುವು 'ಹೊಯ್ ಸಳ' ಎಂದೊಡನೆ ಕ್ಷಣವೂ ಯೋಚಿಸದೆ ಹೊಯ್ದ ಆ ಕೈಯನ್ನು ಒಂದು ರಾಜವಂಶವೇ ತನ್ನ ಲಾಂಛನವಾಗಿ ಮಾಡಿಕೊಂಡಿತು. ಕರೆ ಬಂದ ಗಳಿಗೆಗೆ ಕೈ ಕೂಡಿಬರುವುದರಲ್ಲಿರುವ ಉಲ್ಲಾಸವೇ ಈ ಪ್ರಭೇದದ ಬೀಜ.

ಮೂರನೆಯದು ವ್ಯೂಹದ ಆಟ. ಇಲ್ಲಿ ಕೈಯ ಚುರುಕಿಗಿಂತ ಮುಂದಾಲೋಚನೆ ಹೆಚ್ಚು. ಚದುರಂಗವು ಇದರ ಹಿರಿಯಜ್ಜ. ಊರ ದೇವಸ್ಥಾನದ ಜಗಲಿಯಲ್ಲಿ ಹಿರಿಯರು ಆಡುವ ಹುಲಿ-ಕುರಿಯಾಟವು ಇನ್ನೊಬ್ಬ ಅಜ್ಜ. ಹುಲಿ-ಕುರಿಯಾಟದ ಸೊಗಸೇನೆಂದರೆ, ಚದುರಂಗದಂತೆ ಎರಡು ಪಕ್ಷಗಳಿಗೂ ಸಮಬಲವಿಲ್ಲ. ಹುಲಿಗಳು ಕೆಲವೇ, ಅವಕ್ಕೆ ಹಾರಿ ತಿನ್ನುವ ಶಕ್ತಿಯುಂಟು. ಕುರಿಗಳು ಹಲವು, ಅವಕ್ಕೆ ಒಟ್ಟಾಗಿ ನಿಂತು ಹುಲಿಯ ದಾರಿಯನ್ನು ಕಟ್ಟುವ ಉಪಾಯವೊಂದೇ. ೧೯೯೭ರಲ್ಲಿ ಅಮೆರಿಕದಲ್ಲಿ ಹೊರಬಂದ 'ಏಜ್ ಆಫ್ ಎಂಪೈರ್ಸ್' ಮೊದಲಾದ ಆಟಗಳು ಈ ಅಸಮಬಲದ ತತ್ತ್ವವನ್ನೇ ಬೆಳೆಸಿದುವು. ಒಂದು ನಾಡಿಗೆ ಕುದುರೆಯ ಬಲ, ಇನ್ನೊಂದಕ್ಕೆ ಹಡಗಿನ ಬಲ. ಮರ ಕಡಿದು, ಹೊಲ ಉತ್ತು, ಕೋಟೆ ಕಟ್ಟಿ, ಆಮೇಲೆ ದಂಡು ಹೊರಡಬೇಕು. ಇದನ್ನು ಪ್ರೀತಿಸುವವನು ಸಾಮಾನ್ಯವಾಗಿ ಅವಸರದವನಲ್ಲ. ಸೋತ ಮೇಲೆ ಎಲ್ಲಿ ತಪ್ಪಿದೆನೆಂದು ಹಿಂದಕ್ಕೆ ಲೆಕ್ಕ ಹಾಕುವುದೇ ಅವನ ಸುಖ. ಇಲ್ಲಿಯ 'ಮತ್ತೊಮ್ಮೆ'ಯು ಬರಿಯ ಮರುಪ್ರಯತ್ನವಲ್ಲ, ಪುನರ್ವಿಮರ್ಶೆ.

ನಾಲ್ಕನೆಯದು ಕಥೆಯ ಆಟ. ಪಾತ್ರವನ್ನು ಧರಿಸಿ ಆಡುವುದು. ಬಯಲಾಟದಲ್ಲಿ ವೇಷ ಕಟ್ಟಿದ ರೈತನು ಬೆಳಗಿನವರೆಗೆ ಕರ್ಣನೇ ಆಗಿರುವಂತೆ, ಇಲ್ಲಿ ಆಡುವವನು ಹಲವು ದಿನಗಳ ಕಾಲ ಇನ್ನೊಬ್ಬನಾಗಿ ಬಾಳುತ್ತಾನೆ. ಪುಣೆಯ ಒಂದು ಚಿಕ್ಕ ಬಳಗವು ೨೦೨೦ರಲ್ಲಿ ಹೊರತಂದ 'ರಾಜಿ' ಎಂಬ ಆಟದಲ್ಲಿ ಕಥಾನಾಯಿಕೆಯು ಡೊಂಬರಾಟದಂಥ ಕಸರತ್ತಿನಲ್ಲಿ ಪಳಗಿದ ಬಡ ಹುಡುಗಿ. ಅಸುರರು ಕದ್ದೊಯ್ದ ತಮ್ಮನನ್ನು ಹುಡುಕಿ ಅವಳು ಹೊರಡುತ್ತಾಳೆ; ಅವಳ ಕಥೆಯನ್ನು ದುರ್ಗೆಯೂ ವಿಷ್ಣುವೂ ಮಾತಾಡಿಕೊಳ್ಳುತ್ತ ನಿರೂಪಿಸುತ್ತಾರೆ. ಕಾದಂಬರಿಯನ್ನು ಓದುವವನು 'ಮುಂದೇನಾಯಿತು?' ಎಂದು ಕೇಳಿದರೆ, ಈ ಆಟವನ್ನು ಆಡುವವನು 'ಮುಂದೆ ಏನು ಮಾಡಲಿ?' ಎಂದು ಕೇಳಿಕೊಳ್ಳುತ್ತಾನೆ. ಎರಡನೆಯ ಪ್ರಶ್ನೆಯಲ್ಲಿ ಹೊಣೆಯ ಒಂದಂಶವುಂಟು. ದಾರಿಯಲ್ಲಿ ಸಿಕ್ಕಿದ ದೀನನಿಗೆ ನೆರವಾಗುವುದೋ ಮುಂದೆ ಹೋಗುವುದೋ ಎಂಬುದನ್ನು ಆಡುವವನ ಆಯ್ಕೆಗೆ ಬಿಡುವ ಆಟಗಳೂ ಇವೆ. ಅಂಥ ಕಡೆ ಈ ಪ್ರಭೇದವು ಸಾಹಿತ್ಯದ ಅತಿ ಸಮೀಪಕ್ಕೆ ಬರುತ್ತದೆ. ಇದರ ದೋಷವೂ ಅಲ್ಲಿಯೇ ಇದೆ. ಕಾಳಗದಿಂದ ಕಾಳಗಕ್ಕೆ ಸಾಗಿಸುವುದಕ್ಕಾಗಿ ಮಾತ್ರ ಕಥೆಯನ್ನು ಹೊದಿಸಿದ ಆಟಗಳು ಬಹಳ. ಅವುಗಳಲ್ಲಿ ಕಥೆಯು ಉತ್ಸವದ ತಡಿಕೆಯಂತೆ, ಹಿಂಬದಿಯಲ್ಲಿ ಏನೂ ಇರುವುದಿಲ್ಲ.

ಐದನೆಯದು ನಿರ್ಮಾಣದ ಆಟ. ೨೦೧೧ರಲ್ಲಿ ಸ್ವೀಡನ್ ದೇಶದಿಂದ ಪೂರ್ಣರೂಪದಲ್ಲಿ ಹೊರಬಂದ 'ಮೈನ್‌ಕ್ರಾಫ್ಟ್' ೨೦೨೩ರ ಹೊತ್ತಿಗೆ ೩೦ ಕೋಟಿಗೂ ಮಿಕ್ಕಿ ಪ್ರತಿಗಳಷ್ಟು ಮಾರಾಟವಾಗಿತ್ತು. ಇಷ್ಟು ಜನಪ್ರಿಯವಾದ ಈ ಆಟದಲ್ಲಿ ಮಾಡಲೇಬೇಕಾದ ಕೆಲಸವೆಂಬುದು ಹೆಚ್ಚೇನೂ ಇಲ್ಲ. ನೆಲವನ್ನು ಅಗೆದು ಕಲ್ಲು, ಮಣ್ಣು, ಮರದ ದಿಮ್ಮಿಗಳನ್ನು ಚೌಕ ಚೌಕವಾಗಿ ತೆಗೆದು ಬೇಕಾದುದನ್ನು ಕಟ್ಟುವುದು. ಒಪ್ಪದಿದ್ದರೆ ಕೆಡವಿ ತಿರುಗಿ ಕಟ್ಟುವುದು. ದಸರೆಯಲ್ಲಿ ಗೊಂಬೆಗಳ ಸಾಲಿನ ಮುಂದೆ ರಾಗಿಯ ಮೊಳಕೆಯಿಂದ ತೋಟ ಮಾಡಿ, ಕನ್ನಡಿಯ ಚೂರನ್ನಿಟ್ಟು ಕೆರೆಯೆನ್ನುವ ಮಕ್ಕಳ ಸಂತೋಷವೇ ಇದು. ದೊಡ್ಡವರ ಲೋಕದಲ್ಲಿ ಮಗುವಿಗೆ ಯಾವುದರ ಮೇಲೂ ಅಧಿಕಾರವಿಲ್ಲ. ಇಲ್ಲಿ ಒಂದು ಲೋಕಕ್ಕೇ ಅದು ಒಡೆತನ ಪಡೆಯುತ್ತದೆ. ಬೇಲೂರಿನ ಬಳಪದ ಕಲ್ಲಿನ ಮೇಲೆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಮದನಿಕೆಯರನ್ನು ಕಡೆದು ಅಡಿಯಲ್ಲಿ ತಮ್ಮ ಹೆಸರು ಬರೆದರು. 'ಇದು ನನ್ನ ಕೈಕೆಲಸ' ಎನ್ನುವ ಆ ಹೆಮ್ಮೆಯ ಎಳೆಯ ಮೊಳಕೆಯು ತಾನು ಕಟ್ಟಿದ ಚೌಕಗಳ ಗೋಪುರವನ್ನು ಅಮ್ಮನನ್ನು ಕರೆದು ತೋರಿಸುವ ಹುಡುಗಿಯಲ್ಲಿಯೂ ಇದೆ. ಭೇದವೇನೆಂದರೆ ಶಿಲ್ಪಿಯ ಉಳಿ ತಪ್ಪಿದರೆ ಕಲ್ಲು ಕೆಟ್ಟಿತು. ಹುಡುಗಿಯ ಕೈ ತಪ್ಪಿದರೆ ಏನೂ ಕೆಡುವುದಿಲ್ಲ. ತಪ್ಪಿಗೆ ಬೆಲೆಯಿಲ್ಲದಿರುವುದು ಕಲಿಕೆಗೆ ಅನುಕೂಲ, ಏಕಾಗ್ರತೆಗೆ ಅಷ್ಟು ಅನುಕೂಲವಲ್ಲ.

ಆರನೆಯದು ದಾಳದ ಆಟ, ಅದೃಷ್ಟವನ್ನು ನೆಚ್ಚಿದ್ದು. ಪಗಡೆಯ ಹಾಸಿನಿಂದ ಹೊರಟ ಕಾಯಿಗಳು ಇಂಗ್ಲೆಂಡಿಗೆ ಹೋಗಿ, ೧೮೯೬ರಲ್ಲಿ ಅಲ್ಲಿ 'ಲೂಡೋ' ಎಂಬ ಹೆಸರಿನ ಪೇಟೆಂಟು ಪಡೆದು, ಈಗ ಫೋನಿನೊಳಗೆ ಕುಳಿತು ತೌರಿಗೆ ಮರಳಿವೆ. ೨೦೨೦ರಲ್ಲಿ ರೋಗದ ಭಯದಿಂದ ಮನೆ ಮನೆಯ ಬಾಗಿಲುಗಳು ಮುಚ್ಚಿದ್ದಾಗ ಅಜ್ಜಿ ಮೊಮ್ಮಕ್ಕಳನ್ನು ಬೇರೆ ಬೇರೆ ಊರುಗಳಿಂದ ಒಂದೇ ಮಣೆಗೆ ಕೂಡಿಸಿದ್ದು ಇಂಥ ಆಟಗಳೇ. ಒಗಟಿನಲ್ಲಿ ಜಾಣನು ಗೆಲ್ಲುತ್ತಾನೆ, ಕಾಳಗದಲ್ಲಿ ಚುರುಕಾದವನು ಗೆಲ್ಲುತ್ತಾನೆ. ದಾಳದಲ್ಲಿ ಯಾರಾದರೂ ಗೆಲ್ಲಬಹುದು. ಹತ್ತು ವರ್ಷದ ಮಗುವೂ ಎಪ್ಪತ್ತರ ಅಜ್ಜಿಯೂ ಸರಿಸಮವಾಗಿ ಕುಳಿತುಕೊಳ್ಳಬಲ್ಲ ಆಟವು ಬೇರೆ ಇಲ್ಲ. ಗರವು ಬೀಳದೆ ಕಾಯಿ ಹಣ್ಣಾಗದಿದ್ದರೆ ಯಾರ ಮೇಲೂ ಸಿಟ್ಟಾಗುವಂತಿಲ್ಲ, ನಗಬೇಕಷ್ಟೆ. ಈ ಸಮಾನತೆಯೇ ಅದರ ಗುಣ. ಆದರೆ ಎಲ್ಲಕ್ಕಿಂತ ಬೇಗನೆ ಕೆಡುವುದೂ ಇದೇ ಪ್ರಭೇದ.

ಕೆಡುವ ವಿಚಾರಕ್ಕೆ ಬರುವ ಮುನ್ನ ಹಿಂಸೆಯ ಆಕ್ಷೇಪಣೆಗೆ ಸಮಾಧಾನ ಹೇಳಬೇಕು. ಆಟದಲ್ಲಿ ಬೀಳುವುದು ರಕ್ತವಲ್ಲ, ಬೆಳಕಿನ ಚುಕ್ಕೆ. ಆದುದರಿಂದ ದೋಷವಿಲ್ಲವೆಂದು ಕೆಲವರು ಹೇಳುವರು. ಇದಕ್ಕೆ ಹಳೇಬೀಡಿನಿಂದಲೇ ಉತ್ತರವುಂಟು. ದೋರಸಮುದ್ರದಲ್ಲಿ ಇಮ್ಮಡಿ ಬಲ್ಲಾಳನಿಂದ ಕವಿಚಕ್ರವರ್ತಿಯೆನಿಸಿಕೊಂಡ ಜನ್ನನು ೧೨೦೯ರಲ್ಲಿ 'ಯಶೋಧರ ಚರಿತೆ'ಯನ್ನು ಮುಗಿಸಿದನು. ಅದರಲ್ಲಿ ಯಶೋಧರನು ಜೀವವನ್ನು ಬಲಿಕೊಡಲು ಒಪ್ಪದೆ, ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಮಾತ್ರ ಕಡಿಯುತ್ತಾನೆ. ಆ ಹಿಟ್ಟಿನ ಕೋಳಿಯು ಕೂಗುತ್ತದೆ. ತಾಯಿಮಕ್ಕಳಿಬ್ಬರೂ ಆ ಸಂಕಲ್ಪಹಿಂಸೆಯ ಫಲವಾಗಿ ಜನ್ಮ ಜನ್ಮಗಳಲ್ಲಿ ತೊಳಲುತ್ತಾರೆ. ಹಿಟ್ಟಿನ ಕೋಳಿಗೇ ಇಷ್ಟು ಫಲವಿದ್ದರೆ ಬೆಳಕಿನ ಮನುಷ್ಯರನ್ನು ಕೊಂದವರ ಗತಿಯೇನೆಂದು ಕೇಳುವುದು ನ್ಯಾಯವೇ. ಆದರೆ ಕಾವ್ಯವನ್ನು ಗಮನವಿಟ್ಟು ಓದಿದರೆ ಯಶೋಧರನು ಆಡುತ್ತಿರಲಿಲ್ಲವೆಂಬುದು ತಿಳಿಯುತ್ತದೆ. ಅವನದು ಬಲಿ, ಕೊಲ್ಲುವೆನೆಂಬ ಸಂಕಲ್ಪದಿಂದ, ಫಲವನ್ನು ಬಯಸಿ, ದೇವತೆಯ ಮುಂದೆ ಮಾಡಿದ್ದು. ಆಡುವವನಿಗೆ ಆ ಸಂಕಲ್ಪವಿಲ್ಲ. ಎದುರಾಳಿಯು ಮರುಗಳಿಗೆಗೆ ಎದ್ದು ಬರುವನೆಂಬುದು ಇಬ್ಬರಿಗೂ ಗೊತ್ತು. ಹಾಗೆಂದು ಜನ್ನನ ಮಾತು ಇಲ್ಲಿ ವ್ಯರ್ಥವಾಗುವುದಿಲ್ಲ. ಕತ್ತಿಯ ಕೆಳಗಿರುವುದು ಏನೆಂದು ನೋಡಬಾರದು, ಕತ್ತಿ ಹಿಡಿದ ಮನಸ್ಸು ಏನನ್ನು ಸವಿಯುತ್ತಿದೆಯೆಂದು ನೋಡಬೇಕು ಎಂಬ ಅವನ ಒರೆಗಲ್ಲು ಇಂದಿಗೂ ಉಪಯುಕ್ತ. ಎದುರಾಳಿಯನ್ನು ಮೀರಿಸುವ ಜಾಣ್ಮೆಯನ್ನು ಸವಿಯುವ ಆಟವು ಬೇರೆ. ನರಳುವುದನ್ನೇ ಎಳೆದೆಳೆದು ತೋರಿಸಿ, ಕ್ರೌರ್ಯಕ್ಕೇ ಅಂಕಗಳನ್ನು ಕೊಡುವ ಆಟವು ಬೇರೆ. ಎರಡನೆಯದರಲ್ಲಿ ಹಿಟ್ಟಿನ ಕೋಳಿಯು ನಿಜವಾಗಿ ಕೂಗುತ್ತದೆ. ಅದನ್ನು ಎಳೆಯರ ಕೈಗೆ ಕೊಡತಕ್ಕದ್ದಲ್ಲ.

ಇನ್ನು ಮುಖ್ಯವಾದ ದೋಷ. ಭಾರತದಲ್ಲಿ ದ್ಯೂತವು ಒಂದಲ್ಲ, ಎರಡು. ಮೊದಲನೆಯದರಲ್ಲಿ ಧರ್ಮರಾಯನು ಎಲ್ಲವನ್ನೂ ಸೋತನು. ಧೃತರಾಷ್ಟ್ರನು ದ್ರೌಪದಿಗೆ ವರವಿತ್ತು ಸೋತದ್ದನ್ನೆಲ್ಲ ಹಿಂದಕ್ಕೆ ಕೊಟ್ಟನು. ಅಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ದಾರಿಯಿಂದ ಮತ್ತೆ ಕರೆ ಬಂದಿತು. ಧರ್ಮರಾಯನು ತಿರುಗಿ ಹೋಗಿ ಕುಳಿತನು. ಹನ್ನೆರಡು ವರ್ಷದ ವನವಾಸವೂ ಒಂದು ವರ್ಷದ ಅಜ್ಞಾತವಾಸವೂ ಒದಗಿದುವು. ಅಭಿಮನ್ಯುವಿಗೆ 'ಮತ್ತೊಮ್ಮೆ' ದೊರೆಯದೆ ಹೋದುದು ದುರಂತವಾದರೆ, ಅವನ ದೊಡ್ಡಪ್ಪನಿಗೆ 'ಮತ್ತೊಮ್ಮೆ' ದೊರೆತದ್ದೇ ದುರಂತವಾಯಿತು. ಇವೆರಡರ ನಡುವೆ ಇರುವುದು ಒಂದೇ ಭೇದ. ಆಟದಲ್ಲಿ ಸೋಲು ಆಟದೊಳಗೇ ಉಳಿದು ಮರುಪ್ರಯತ್ನವು ಕೌಶಲವಾಗಿ ಬೆಳೆಯುತ್ತದೆ. ಪಣವನ್ನಿಟ್ಟೊಡನೆ ಸೋಲು ಮಣೆಯನ್ನು ದಾಟಿ ಮನೆಗೆ ಬರುತ್ತದೆ. ಮರುಪ್ರಯತ್ನವು ಕಳೆದುದನ್ನು ಹಿಡಿಯಹೋಗುವ ಓಟವಾಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಕಡೆ ಅದೇ ದಾಳ, ಅದೇ ಕಾಯಿ.

ಕಾನೂನು ಕೂಡ ಈ ಗೆರೆಯನ್ನು ಎಳೆಯಲು ಬಹಳ ತೊಳಲಿತು. ೨೦೨೧ರ ಅಕ್ಟೋಬರಿನಿಂದ ಕರ್ನಾಟಕವು ತನ್ನ ಪೊಲೀಸು ಕಾಯಿದೆಯನ್ನು ತಿದ್ದಿ ಆನ್‌ಲೈನಿನ ಪಣದಾಟಗಳನ್ನು ನಿಷೇಧಿಸಿತು. ೨೦೨೨ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. ಚರ್ಚೆಯೆಲ್ಲ ನಡೆದುದು ಆಟವು ಕೌಶಲದ್ದೋ ಅದೃಷ್ಟದ್ದೋ ಎಂಬ ಪ್ರಶ್ನೆಯ ಸುತ್ತ. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಆ ಪ್ರಶ್ನೆಯನ್ನು ಬದಿಗಿಟ್ಟಿತು. ಕೌಶಲವೇ ಆಗಲಿ ಅದೃಷ್ಟವೇ ಆಗಲಿ, ಹಣದ ಪಣವಿದ್ದರೆ ಆ ಆನ್‌ಲೈನ್ ಆಟವು ನಿಷಿದ್ಧವೆಂದು ಹೇಳಿ, ಸ್ಪರ್ಧೆಯ ಕ್ರೀಡೆಗಳನ್ನೂ ಮನೋರಂಜನೆಯ ಆಟಗಳನ್ನೂ ಬೇರೆಯಾಗಿ ಇರಿಸಿತು. ರಾಜನೀತಿಯ ದೃಷ್ಟಿಯಿಂದ ಇದರ ಗುಣದೋಷಗಳನ್ನು ಬಲ್ಲವರು ಚರ್ಚಿಸಲಿ. ಕ್ರೀಡಾರಸದ ದೃಷ್ಟಿಯಿಂದ ಈ ಗೆರೆಯು ಸರಿಯಾದ ಸ್ಥಳದಲ್ಲಿಯೇ ಬಿದ್ದಿದೆ. ಚದುರಂಗಕ್ಕೂ ಪಣ ಕಟ್ಟಬಹುದು. ಕಟ್ಟಿದೊಡನೆ ಅದು ಕೆಟ್ಟಿತು. ಪಗಡೆಯನ್ನು ಪಣವಿಲ್ಲದೆ ಆಡಬಹುದು. ಆಗ ಅದು ನಿರ್ಮಲ.

ಪಣವು ಯಾವಾಗಲೂ ಪಣದ ವೇಷದಲ್ಲಿಯೇ ಬರುವುದಿಲ್ಲವೆಂಬುದನ್ನೂ ಮನೆಯವರು ತಿಳಿದಿರಬೇಕು. ೨೦೧೨ರಲ್ಲಿ ಬಂದ 'ಕ್ಯಾಂಡಿ ಕ್ರಷ್' ಎಂಬ ಒಗಟಿನ ಆಟದಲ್ಲಿ ಆಡುವವನಿಗೆ ಐದು ಜೀವಗಳು. ಅವು ಮುಗಿದರೆ ಒಂದೊಂದು ಜೀವ ಮರಳಲು ಅರ್ಧ ಗಂಟೆ ಕಾಯಬೇಕು. ಕಾಯಲಾರದವನು ಹಣ ತೆರಬಹುದು. 'ಮತ್ತೊಮ್ಮೆ'ಯನ್ನು ಹೀಗೆ ಬೆಲೆ ಕಟ್ಟಿ ಮಾರುವುದು ಜೂಜಲ್ಲ, ನಿಜ. ಆದರೆ ಆಟದ ಪ್ರಾಣವನ್ನೇ ಅಂಗಡಿಗಿಟ್ಟಂತಾಯಿತು. ಇನ್ನು ಕೆಲವು ಆಟಗಳಲ್ಲಿ ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಗಳನ್ನು ಹಣಕ್ಕೆ ಕೊಡುವರು. ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಮಂಡಲಿಯು ೨೦೧೮ರಲ್ಲಿಯೇ ಇಂಥ ಕೆಲವು ಪೆಟ್ಟಿಗೆಗಳನ್ನು ಜೂಜೆಂದು ನಿರ್ಣಯಿಸಿತು. ಪ್ರಭೇದದ ಹೆಸರನ್ನು ನೋಡಿ ಮೋಸಹೋಗಬಾರದೆಂಬುದಕ್ಕೆ ಇದೇ ಸಾಕ್ಷಿ. ಬಂದೂಕಿನ ಆಟವು ನಿರಪಾಯವಾಗಿರಬಹುದು. ಮಿಠಾಯಿಯ ಆಟವು ಗಂಟುಕಳ್ಳನಾಗಿರಬಹುದು.

ಹಣಕ್ಕಿಂತ ದೊಡ್ಡದಾದ ಇನ್ನೊಂದು ಪಣವುಂಟು. ಅದನ್ನು ಯಾವ ಕಾಯಿದೆಯೂ ಪೂರ್ತಿಯಾಗಿ ಕಾಯಲಾರದು. ಆಟವು ಜೀವವನ್ನು ಮರಳಿ ಕೊಡುತ್ತದೆ, ಹೊತ್ತನ್ನು ಮರಳಿ ಕೊಡುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿಗೆ 'ಮತ್ತೊಮ್ಮೆ' ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನವನ್ನು ಸೇರಿಸಿತು. ಅದು ಹೇಳುವ ಲಕ್ಷಣಗಳು ಎಷ್ಟು ಗಂಟೆ ಆಡಿದನೆಂಬುದರ ಮೇಲೆ ನಿಂತಿಲ್ಲ. ನಿಲ್ಲಿಸಬೇಕೆಂದಾಗ ನಿಲ್ಲಿಸಲಾರದಿರುವುದು, ಉಳಿದೆಲ್ಲ ಕೆಲಸಗಳನ್ನು ಆಟವು ಹಿಂದಕ್ಕೆ ತಳ್ಳುವುದು, ಕೇಡನ್ನು ಕಂಡೂ ಬಿಡದಿರುವುದು, ಇವು ಸಾಮಾನ್ಯವಾಗಿ ಒಂದು ವರ್ಷ ಕಾಲ ಕಾಣಿಸಿಕೊಂಡರೆ ರೋಗವೆನ್ನಬೇಕೆಂದು ಅದರ ಅಭಿಪ್ರಾಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಂಥವರಿಗಾಗಿ ೨೦೧೪ರಲ್ಲಿಯೇ ಒಂದು ಚಿಕಿತ್ಸಾಲಯವನ್ನು ತೆರೆಯಿತು. ಎಂದಮೇಲೆ ಭಯಕ್ಕೆ ಕಾರಣವಿಲ್ಲವೆಂದು ಹೇಳುವಂತಿಲ್ಲ. ಆದರೆ ಆಡುವ ಪ್ರತಿಯೊಬ್ಬ ಹುಡುಗನನ್ನೂ ರೋಗಿಯೆಂದು ಬಗೆಯುವುದು ಜ್ವರದ ಭಯದಿಂದ ಸ್ನಾನವನ್ನೇ ಬಿಟ್ಟಂತೆ.

ಆದುದರಿಂದ ವಿವೇಕವುಳ್ಳ ಮನೆಯು ಆಟವನ್ನು ಕುರಿತು ಕೇಳತಕ್ಕ ಪ್ರಶ್ನೆಗಳು ಮೂರು. ಇದರಲ್ಲಿ ಸೋತವನಿಂದ ಆಟವು ಏನನ್ನು ಬೇಡುತ್ತದೆ, ಶ್ರಮವನ್ನೋ ಹಣವನ್ನೋ? ಗೆದ್ದವನಲ್ಲಿ ಏನು ಬೆಳೆದಿರುತ್ತದೆ, ಜಾಣ್ಮೆಯೋ, ಸ್ನೇಹವೋ, ಕಟ್ಟುವ ಕೈಯೋ, ಬರಿಯ ಕ್ರೌರ್ಯವೋ? ಆಡಿ ಸಾಕೆನ್ನಿಸಿದಾಗ ಎದ್ದುಹೋಗಲು ಬಿಡುವಂತೆ ಆಟವನ್ನು ಕಟ್ಟಿದ್ದಾರೆಯೋ, ಬಿಡದಂತೆ ಕಟ್ಟಿದ್ದಾರೆಯೋ? ಈ ಮೂರಕ್ಕೂ ಒಳ್ಳೆಯ ಉತ್ತರ ಕೊಡುವ ಆಟಗಳು ಪ್ರತಿಯೊಂದು ಪ್ರಭೇದದಲ್ಲಿಯೂ ಇವೆ, ಕೊಡಲಾರದವೂ ಪ್ರತಿಯೊಂದರಲ್ಲಿಯೂ ಇವೆ. ಉತ್ತರವನ್ನು ತಿಳಿಯಲು ಹಿರಿಯರು ಒಂದು ಸಂಜೆ ಮಕ್ಕಳ ಪಕ್ಕದಲ್ಲಿ ಕುಳಿತು ಆ ಆಟವನ್ನು ತಾವೇ ಆಡಿ, ಸೋತು ನೋಡಬೇಕಾದೀತು. ಬೇಲೂರು ಹಳೇಬೀಡುಗಳ ದೇಗುಲಗಳು ೨೦೨೩ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಚಕ್ರವ್ಯೂಹವನ್ನು ನೋಡಲು ಲೋಕದ ಮೂಲೆಮೂಲೆಗಳಿಂದ ಜನ ಬರುತ್ತಾರೆ. ಅದೇ ವ್ಯೂಹವನ್ನು ಒಳಹೊಕ್ಕು ಹೊರಬರುವ ಆಟವಾಗಿ ಈ ಸೀಮೆಯ ಯಾವನೋ ತರುಣನು ಕನ್ನಡದ ಮಾತಿನಲ್ಲಿ ಕಟ್ಟಬಾರದೇಕೆ? ಕಟ್ಟಿದರೆ ಅದರ ಗುಣದೋಷಗಳನ್ನು ಹೇಳಬಲ್ಲ ಸಹೃದಯರೂ ಬೇಕು. 'ಯಾವ ಆಟ?' ಎಂದು ಕೇಳುವುದನ್ನು ಕಲಿತ ಮನೆಗಳಿಂದಲೇ ಅಂಥವರು ಬರಬೇಕು.